ಬಾಯಿ ತೆರೆಯದೆ ಹಂಚು ಮಾರಿದವರು

ಗ್ರೆಗರಿ ಪೊರ್ಬುಗಳ ಬಾಯಿ ಸದಾ ತುಂಬಿರುತ್ತಿತ್ತು, ಮಾತಿನಿಂದಲ್ಲ, ಎಲೆಯಡಿಕೆಯಿಂದ. ಮಂಗಳೂರಿನ ಹಂಚಿನ ಕಾರ್ಖಾನೆಯೊಂದರ ಮಾರಾಟದ ಕೋಣೆಯಲ್ಲಿ ಇಂಥವರನ್ನು ಕೂರಿಸಿದ ಮಹಾನುಭಾವ ಯಾರೋ ತಿಳಿಯದು. ಐವತ್ತರ ದಶಕದಲ್ಲಿ ನಾನು ಅಲ್ಲಿ ಗುಮಾಸ್ತನಾಗಿ ಸೇರುವಾಗ ಅವರು ಆಗಲೇ ಆ ಕುರ್ಚಿಯ ಐದನೆಯ ಕಾಲಾಗಿದ್ದರು. ಗಿರಾಕಿ ಬಂದರೆ ಬೆರಳಿನಿಂದ ಬೆಂಚು ತೋರಿಸುವರು, ಹುಬ್ಬು ಏರಿಸುವರು. ಅಷ್ಟೇ. ಬಂದವನು ಸುಮ್ಮನೆ ಕೂರಲಾರದೆ ತಾನೇ ಶುರುಮಾಡುವನು: ಸೋರುವ ಚಾವಡಿ, ಭಾವನ ಜೊತೆ ಜಗಳ, ಹೋದ ವರ್ಷದ ಮಳೆ. ಎಲ್ಲ ಮುಗಿದ ಮೇಲೆ ಪೊರ್ಬುಗಳು ಕಿಟಕಿಯಾಚೆ ಉಗಿದು ಬಂದು ತೀರ್ಪು ಕೊಡುವರು: "ನಿಮಗೆ ಹೊಸ ಹಂಚು ಬೇಡ. ಹಂಚು ಹೊರುವ ಮರದ ಪಕ್ಕಾಸು ಹಾಳಾಗಿದೆ. ಮೊದಲು ಆಚಾರಿಯನ್ನು ಕರೆಯಿರಿ."

"ಇದೆಂತ ವ್ಯಾಪಾರ?" ಎಂದು ಒಮ್ಮೆ ಕೇಳಿದ್ದೆ.

"ಹಂಚು ನಮ್ಮದು ಮಾರಾಯ್ರೆ, ತಲೆ ಮೇಲಿನ ಮಾಡು ಅವರದ್ದಲ್ವಾ? ಅವರ ಮಾಡಿನ ವಿಷಯ ನಾನೆಂತ ಹೇಳುವುದು?"

ಆಮೇಲೆ ಮದ್ರಾಸಿನಿಂದ ಹೊಸ ಮ್ಯಾನೇಜರರು ದಯಮಾಡಿಸಿ ಎರಡು ಶಾಸನ ಹೊರಡಿಸಿದರು. ಆಫೀಸಿನಲ್ಲಿ ಎಲೆಯಡಿಕೆ ಕೂಡದು. ಗಿರಾಕಿ ಬೆಂಚಿಗೆ ತಾಗುವ ಮೊದಲೇ ನಮ್ಮ ಹಂಚಿನ ಗುಣಗಾನ ಆರಂಭವಾಗಬೇಕು. ತಪ್ಪಿದರೆ ಪೊರ್ಬುಗಳಿಗೆ ಕುರ್ಚಿಯಿಲ್ಲ, ಬಿಸಿಲಿನ ಯಾರ್ಡಿನಲ್ಲಿ ಹಂಚು ಎಣಿಸುವ ಕೆಲಸ. ಮಂಡಿನೋವಿನ ಮನುಷ್ಯನಿಗೆ ಅದು ಗಡೀಪಾರಿಗೆ ಸಮ.

ಬಾಯಿ ಖಾಲಿಯಾಯಿತು. ಮಾತು ಮಾತ್ರ ಬರಲಿಲ್ಲ. ಅಲ್ಲಿಯವರೆಗೆ ನಾವೆಲ್ಲ ಅವರ ಮೌನಕ್ಕೆ ಎಲೆಯಡಿಕೆಯೇ ಕಾರಣವೆಂದು ನಂಬಿದ್ದೆವು.

ಕೂಳೂರಿನ ಗೃಹಸ್ಥರೊಬ್ಬರು ಹೆಂಡತಿಯೊಂದಿಗೆ ಬಂದ ದಿನ ಮ್ಯಾನೇಜರರು ಪರೀಕ್ಷಕರಂತೆ ಬಾಗಿಲಲ್ಲೇ ನಿಂತಿದ್ದರು. ಹೊಸ ಮನೆಗೆ ಹಂಚಾಯಿತು. ಮಾಡಿನ ಎರಡೂ ತುದಿಗೆ ಮಣ್ಣಿನ ಸಿಂಹಗಳೂ ಬೇಕೆಂದರು. ದುಬಾರಿ ಸಿಂಹಗಳು. ಮ್ಯಾನೇಜರರ ಮುಖ ಅರಳಿತು. ಪೊರ್ಬುಗಳು ಹೆಂಗಸಿನ ಕಡೆ ತಿರುಗಿದರು.

"ಅಕ್ಕ, ನಿಮಗೆ?"

"ಅವಳಿಗೆಂತ ಗೊತ್ತುಂಟು? ನೀವು ಸಿಂಹ ಬರೆಯಿರಿ," ಎಂದರು ಗಂಡ.

ಪೊರ್ಬುಗಳು ಬರೆಯಲಿಲ್ಲ, ಕಾದರು. ಮ್ಯಾನೇಜರರು ಕೆಮ್ಮಿದರು. ಆದರೂ ಕಾದರು. ಕೊನೆಗೆ ಆಕೆ ಸೆರಗನ್ನು ಬೆರಳಿಗೆ ಸುತ್ತುತ್ತ ಹೇಳಿದರು: "ಅಡಿಗೆಕೋಣೆಗೆ ಸ್ವಲ್ಪ ಬೆಳಕು ಬೇಕಿತ್ತು. ಈಗಿನದ್ದರಲ್ಲಿ ಅಕ್ಕಿಯೊಳಗೆ ಕಲ್ಲಿದ್ರೂ ಕಾಣುವುದಿಲ್ಲ. ಇವರು ದಿನಾ ಬಟ್ಟಲು ದೂಡಿ ಏಳ್ತಾರೆ."

ಗಂಡ ನಾಲಗೆಯಿಂದ ಹಲ್ಲು ತಡವಿಕೊಂಡರು. "ಇದನ್ನು ಮನೆಯಲ್ಲಿ ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?"

"ಬೈದು ಮುಗಿಸಿದ್ರೆ ಅಲ್ವಾ ನಾನು ಹೇಳುವುದು?"

ಸಿಂಹಗಳು ರದ್ದಾದವು, ಬದಲಿಗೆ ಅಡಿಗೆಕೋಣೆಗೆ ಗಾಜಿನ ಹಂಚುಗಳು ಹೋದವು. ಬಿಲ್ಲು ಕುಗ್ಗಿತು. ಮರುದಿನ ಪೊರ್ಬುಗಳು ಯಾರ್ಡಿಗೆ.

ಸುದ್ದಿ ಹಬ್ಬಿತು. ಹೆಂಗಸರು ಗಂಡಂದಿರನ್ನು ಹಿಂದಿಟ್ಟುಕೊಂಡು ಬರತೊಡಗಿದರು. ಆಫೀಸಿನ ಗುಣಗಾನವನ್ನು ದಾಟಿ ನೇರ ಯಾರ್ಡಿಗೆ. ಅಲ್ಲಿ ಪೊರ್ಬುಗಳು ಹಂಚಿನ ರಾಶಿಯ ಮೇಲೆ ಹುಬ್ಬೇರಿಸಿ ಕೂತಿರುತ್ತಿದ್ದರು. ವ್ಯಾಪಾರ ಬೆಳೆಯಿತು, ಕುರ್ಚಿ ಮಾತ್ರ ಮರಳಲಿಲ್ಲ. ಶಾಸನ ಹಿಂತೆಗೆಯುವುದು ಸಾಮ್ರಾಜ್ಯಗಳಿಗೆ ಶೋಭಿಸುವುದಿಲ್ಲ. "ಇಲ್ಲಿ ಗಾಳಿಯಾದ್ರೂ ಉಂಟು," ಎನ್ನುವರು ಪೊರ್ಬುಗಳು, ಮಂಡಿ ನೀವುತ್ತ.

ಅರವತ್ತರ ದಶಕದಲ್ಲಿ, ಬೇರೆ ಕೆಲಸ ಹಿಡಿದಿದ್ದ ನಾನು ಅತ್ತಾವರದಲ್ಲಿ ಮನೆ ಕಟ್ಟಿಸಲು ಹೊರಟೆ. ಯಾರ್ಡಿಗೆ ಹೋಗಿ ಪೊರ್ಬುಗಳಿಗೆ ನನ್ನ ನಕ್ಷೆಯನ್ನೆಲ್ಲ ವಿವರಿಸಿದೆ.

"ಮನೆಯವರು ಎಂತ ಹೇಳ್ತಾರೆ?"

"ಅವಳಿಗೆ ಹೇಳ್ಲಿಕ್ಕೆ ಎಂತ ಉಂಟು?"

"ಹಾಗಾದ್ರೆ ಕರ್ಕೊಂಡು ಬನ್ನಿ."

ಇವತ್ತು, ನಾಳೆ ಎಂದು ತಡವಾಯಿತು. ಕರೆದುಕೊಂಡು ಹೋದಾಗ ಕಾವಲಿನವನು ಟೊಪ್ಪಿ ತೆಗೆದ. ಪೊರ್ಬುಗಳನ್ನು ಮಣ್ಣುಮಾಡಿ ವಾರವಾಗಿತ್ತು.

ಹೆಂಡತಿ ಅವರು ಕೂರುತ್ತಿದ್ದ ಹಂಚಿನ ರಾಶಿಯ ಬಳಿ ಹೋಗಿ ನಿಂತಳು. "ಅವರ ಹತ್ರ ಹೇಳ್ಬೇಕೂಂತ ಎಷ್ಟೆಲ್ಲ ನೆನಪಿಟ್ಟುಕೊಂಡು ಬಂದಿದ್ದೆ. ಇನ್ನು ಯಾರ ಹತ್ರ ಹೇಳುವುದು?"

ನಾನು ಹಂಚಿನ ಮೇಲೆ ಕೂತು ಅವಳಿಗೂ ಜಾಗ ಮಾಡಿಕೊಟ್ಟೆ. ಮಧ್ಯಾಹ್ನದ ಸೈರನ್ ಕೂಗುವವರೆಗೂ ಅವಳು ಹೇಳುತ್ತಲೇ ಇದ್ದಳು.