ಕಾಪುವಿನ ಮನೆಗೆ ಬೀಳದ ಸಿಡಿಲು

ಅಶ್ರಫ್, ನಿನ್ನ ಕಂಪ್ಯೂಟರಿಗೆ ಸಿಡಿಲು ಬಡಿದಿರಲಿಲ್ಲ. ಅದನ್ನು ಕೆಡಿಸಿದವನು ನಾನು. ಸಿಡಿಲಿನ ಕಥೆ ಕಟ್ಟಿದವನೂ ನಾನೇ. ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು...

ಕಾರ್ಕಳದ ಹತ್ತಿರ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದ ಕಾಲ ಅದು. ವಿಂಡೋಸಿಗೆ ಬದಲಾಗಿ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ, ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯನ್ನು ನಾನು ಪ್ರಸಾದದಂತೆ ಹಿಡಿದುಕೊಂಡು ತಿರುಗುತ್ತಿದ್ದೆ. ವಿಂಡೋಸ್ ಬಳಸುವವರೆಂದರೆ ನನಗೆ ಅಸಡ್ಡೆ.

ಗಲ್ಫಿನಲ್ಲಿದ್ದ ನಿನ್ನ ತಂದೆ ಕಾಪುವಿನ ಮನೆಗೆ ತೆಗೆಸಿಕೊಟ್ಟ ಕಂಪ್ಯೂಟರಿಗೆ ಅಗ್ಗದ ಮೈಕು ಸಿಕ್ಕಿಸಿ, ಭಾನುವಾರಗಳಲ್ಲಿ ನೀನು ಅಜ್ಜಿಯ ಮದರಂಗಿ ಹಾಡುಗಳನ್ನು ತುಂಬಿಸಿದ್ದೆ. ಅಜ್ಜಿ ಮೊದಲು ನಾಚಿ ಸೆರಗಿನಿಂದ ಬಾಯಿ ಮುಚ್ಚುತ್ತಿದ್ದರು. ಶುರುವಾದರೆ ನಿಲ್ಲಿಸುವುದೇ ಇಲ್ಲ. ಬ್ಯಾರಿ ಭಾಷೆಯ ಆ ಹಾಡುಗಳು ಮನೆಯಲ್ಲಿ ಬೇರೆ ಯಾರಿಗೂ ಪೂರ್ತಿ ಬರುತ್ತಿರಲಿಲ್ಲ. ಕಡತಗಳು ದೊಡ್ಡವಾಗಿದ್ದವು, ಚಿಕ್ಕದಾಗಿಸಿ ಒಂದು ಸಿ.ಡಿ.ಯಲ್ಲಿ ತಂದೆಗೆ ಕಳಿಸುವ ಆಸೆ ನಿನಗೆ. ವಿಂಡೋಸಿನಲ್ಲಿ ಅದು ಕ್ಷಣದ ಕೆಲಸ. ನಾನೇ ಬಾಯಿ ಹಾಕಿದೆ: "ಲಿನಕ್ಸಿನಲ್ಲಿ ಮಾಡುವ ಮಾರಾಯ, ನಾನು ಕಂಪೈಲ್ ಮಾಡಿ ಕೊಡ್ತೇನೆ."

ನಿನ್ನ ಕಂಪ್ಯೂಟರಿನಲ್ಲಿ ವಿಂಡೋಸಿನ ಪಕ್ಕಕ್ಕೇ ಲಿನಕ್ಸ್ ಹಾಕಿದೆ. ಹಾಡು ಚಿಕ್ಕದಾಗಿಸುವ ಪ್ರೋಗ್ರಾಮನ್ನು ಕಂಪೈಲ್ ಮಾಡಹೊರಟರೆ, ಅದನ್ನು ಕಟ್ಟಿಕೊಡುವ ಕಂಪೈಲರೇ ಇಲ್ಲ. ಕಂಪೈಲರಿಗೆ ಲೈಬ್ರರಿ ಎಂಬ ಪೂರಕ ಕಡತವೊಂದು ಬೇಕು, ಆ ಲೈಬ್ರರಿಗೆ ಇನ್ನೊಂದು. ಮಣಿಪಾಲದ ಸೈಬರ್ ಕೆಫೆಯಲ್ಲಿ ಇಳಿಸಿ, ಫ್ಲಾಪಿಗಳಿಗೆ ತುಂಡು ತುಂಡಾಗಿ ತುಂಬಿಸಿ, ಬಸ್ಸು ಹಿಡಿದು ಕಾಪುವಿಗೆ ಬಂದರೆ ಒಂದು ಫ್ಲಾಪಿ ಓದಲೊಲ್ಲದು. ಪುನಃ ಮಣಿಪಾಲ. ಹೇಳಲು ನಾಚಿಕೆಯಾಗುತ್ತದೆ — ನನ್ನ ಬದುಕಿನ ಅತ್ಯಂತ ಸುಖದ ದಿನಗಳು ಅವೇ. ಕಿಟಕಿಯ ಸೀಟಿನಲ್ಲಿ ನೀನು, ನನ್ನ ಮಡಿಲಲ್ಲಿ ಫ್ಲಾಪಿ ಡಬ್ಬ, ಯಾವುದಕ್ಕೆ ಯಾವುದು ಬೇಕೆಂದು ದಾರಿಯುದ್ದಕ್ಕೂ ಜಗಳ.

ಆ ಸಂಜೆ ನೀನು ನಮಾಜಿಗೆ ಹೋಗಿದ್ದೆ. ಕೊನೆಯ ಲೈಬ್ರರಿ ಹಳೆಯದರ ಜೊತೆ ಹೊಂದುವುದಿಲ್ಲವೆಂದು ಕಂಪ್ಯೂಟರ್ ತಕರಾರು ತೆಗೆಯಿತು. ನೀನು ಬರುವುದರೊಳಗೆ ಮುಗಿಸಿ ದೊಡ್ಡಸ್ತಿಕೆ ತೋರಿಸಬೇಕಿತ್ತು ನನಗೆ. ಏನನ್ನೂ ನೋಡದೆ ಒತ್ತಾಯದಿಂದ ಹಾಕುವ ಆಜ್ಞೆಯೊಂದಿತ್ತು — ಕೊಟ್ಟೆ. ಇಡೀ ವ್ಯವಸ್ಥೆ ನಿಂತದ್ದೇ ಆ ಲೈಬ್ರರಿಯ ಮೇಲೆ. ಮತ್ತೆ ಒಂದು ಆಜ್ಞೆಯೂ ನಡೆಯಲಿಲ್ಲ. ಗಾಬರಿಯಲ್ಲಿ ಲಿನಕ್ಸನ್ನು ಹೊಸದಾಗಿ ಹಾಕಲು ಹೊರಟೆ. ಡಿಸ್ಕಿನ ಹಳೆಯ ವಿಭಾಗಗಳನ್ನೆಲ್ಲ ಅಳಿಸಲೇ ಎಂದು ಅದು ಕೇಳಿದಾಗ ಓದದೆ ಎಂಟರ್ ಒತ್ತಿದೆ. ಒತ್ತಿದ ಮೇಲೆ ನೆನಪಾಯಿತು — ಹಾಡುಗಳು! ಪ್ಲಗ್ ಕಿತ್ತೆ. ತಡವಾಗಿತ್ತು.

ಹೊರಗೆ ಗುಡುಗುತ್ತಿತ್ತು. ನೀನು ಒಳಗೆ ಬಂದು, "ಎಂತ ಆಯ್ತು?" ಎಂದೆ.

"ಸಿಡಿಲು ಮಾರಾಯ. ಹಾರ್ಡ್ ಡಿಸ್ಕ್ ಸುಟ್ಟು ಹೋಯ್ತು."

ಮಳೆಗೆ ಮುಂಚಿನ ಆ ದಿನಗಳಲ್ಲಿ ಕರಾವಳಿಯ ಮನೆಗಳಲ್ಲಿ ಟಿ.ವಿ., ಫೋನು ಸುಡುವುದು ಹೊಸತಲ್ಲ. ಕಂಪ್ಯೂಟರಿನ ವಿಷಯದಲ್ಲಿ ನಿನಗೆ ನನ್ನ ಮಾತೇ ಕೊನೆಯದು. ಅಜ್ಜಿ ಅಡುಗೆಮನೆಯಿಂದ ಬಂದು ನನಗೇ ಸಮಾಧಾನ ಹೇಳಿದರು: "ಹೋದ್ರೆ ಹೋಗ್ಲಿ ಮಕ್ಕಳೇ. ನಾನು ಇದ್ದೇನಲ್ಲ, ಮತ್ತೆ ಹಾಡ್ತೇನೆ."

ಸತ್ತ ಡಿಸ್ಕುಗಳನ್ನು ಬಿಚ್ಚಿ ಮ್ಯಾಗ್ನೆಟ್ ತೆಗೆಯುವುದು ನಮ್ಮ ಹಾಸ್ಟೆಲಿನ ಚಾಳಿ. ಮರುದಿನ ನೀನು ಜಗಲಿಯಲ್ಲಿ ಕೂತು ಬಿಚ್ಚಿದೆ. ಸ್ಕ್ರೂಡ್ರೈವರ್ ಕೊಟ್ಟವನು ನಾನು. ಒಳಗಿನ ಹೊಳೆಯುವ ತಟ್ಟೆಯಲ್ಲಿ ಮುಖ ನೋಡಿಕೊಂಡು ನಕ್ಕೆವು. ಮ್ಯಾಗ್ನೆಟ್ ಅಜ್ಜಿಯ ಸೂಜಿ ಡಬ್ಬಕ್ಕೆ ಹೋಯಿತು. ಆ ಮಳೆಗಾಲದಲ್ಲೇ ಅಜ್ಜಿಗೆ ಪಾರ್ಶ್ವವಾಯುವಾಗಿ ಮಾತು ನಿಂತಿತು. ಮತ್ತೆ ಹಾಡಲಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಇನ್ನೊಂದು ತಿಳಿಯಿತು. ನಾನು ಅಂದು ಅಳಿಸಿದ್ದು ವಿಭಾಗಗಳ ಗಡಿಗುರುತನ್ನು ಮಾತ್ರ. ಹಾಡುಗಳು ಡಿಸ್ಕಿನಲ್ಲಿ ಹಾಗೆಯೇ ಇದ್ದವು. ನಿಜ ಹೇಳಿದ್ದರೆ ನಾವು ಡಿಸ್ಕನ್ನು ಬಿಚ್ಚಿ ಹಾಳು ಮಾಡುತ್ತಿರಲಿಲ್ಲ, ಬಲ್ಲವರು ಯಾರಾದರೂ ಮರಳಿ ತೆಗೆದುಕೊಡುತ್ತಿದ್ದರು. ಹಾಡುಗಳನ್ನು ಕೊಂದದ್ದು ನನ್ನ ಸುಳ್ಳು. ಅದು ಗೊತ್ತಾದ ದಿನವೂ ನಿನಗೆ ಫೋನ್ ಮಾಡಲಿಲ್ಲ.

ಮೊನ್ನೆ ನಿನ್ನ ಮಗಳ ಮದುವೆಗೆ ಕರೆಯುವಾಗ ನೀನು ಹೇಳಿದೆ: "ಆ ಸಿಡಿಲು ಒಂದು ಬೀಳದಿದ್ರೆ ಇವಳ ಮದರಂಗಿಗೆ ಅಜ್ಜಿಯದ್ದೇ ಹಾಡು ಇರ್ತಿತ್ತು, ಅಲ್ವಾ?" ನಾನು "ಹೌದು" ಎಂದೆ. ಹೀಗೆ ಎರಡನೇ ಬಾರಿಯೂ ಸುಳ್ಳಾಡಿದೆ.

ಮದರಂಗಿಗೆ ಮುಂಚೆ ನಾನೇ ಬಂದು ಎದುರು ನಿಂತು ಇದನ್ನೆಲ್ಲ ಮತ್ತೆ ಹೇಳುತ್ತೇನೆ. ಮದುವೆಗೆ ಬಾ ಎನ್ನುವುದು, ಬಿಡುವುದು ನಿನಗೆ ಸೇರಿದ್ದು. ಅಜ್ಜಿಯ ಸೂಜಿಗಳನ್ನು ಹಿಡಿದುಕೊಂಡು ನಿನ್ನ ಮನೆಯಲ್ಲಿ ಇಂದಿಗೂ ಇರುವ ಆ ಮ್ಯಾಗ್ನೆಟ್ ಜೀವವಿದ್ದ ಡಿಸ್ಕಿನದು, ಅಶ್ರಫ್.