ಕಷ್ಟಕ್ಕೆಂದು ಕೂಡಿಟ್ಟ ತೊಂಬತ್ತು ಸೀಸೆ ಔಷಧಿ

ಕಂಪ್ಯೂಟರಿನಲ್ಲಿ ನಾಯಕನೊಬ್ಬನನ್ನು ಸಾಕಿ, ಅವನಿಗೆ ಕತ್ತಿ ಕೊಡಿಸಿ, ಪೆಟ್ಟು ತಿನ್ನಿಸಿ, ನೆಲಮಾಳಿಗೆಗಳನ್ನು ಒಂದೊಂದಾಗಿ ಇಳಿಸಿ ಕೊನೆಗೆ ರಾಕ್ಷಸನ ಮುಂದೆ ನಿಲ್ಲಿಸುವ ಆಟಗಳಿವೆಯಲ್ಲ, ಅವುಗಳ ಮಾತು ಬಂದರೆ ನನ್ನ ಬಾಯಿ ನಿಲ್ಲುವುದಿಲ್ಲ. ಹಳೆಯವೇ ಚೆಂದ ಎಂಬುದು ನನ್ನ ವಾದ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸಿ.ಡಿ.ಯಲ್ಲಿ ಬಂದ ಹೊಸ ಆಟಗಳಲ್ಲಿ ನಾಯಕನ ಕೂದಲು ಗಾಳಿಗೆ ಹಾರುತ್ತಿತ್ತು, ಮುಂದೆ ಎಲ್ಲಿಗೆ ಹೋಗಬೇಕೆಂದು ಆಟವೇ ಬಾಣದ ಗುರುತು ಹಾಕಿ ತೋರಿಸುತ್ತಿತ್ತು. ನಮ್ಮ ಕಾಲದ ನಾಯಕ ಹಸಿರು ಪರದೆಯ ಮೇಲೆ ಮಿಣುಕುವ ಒಂದು ಚುಕ್ಕಿ. ರಾಕ್ಷಸರೆಲ್ಲ ಇಂಗ್ಲಿಷ್ ಅಕ್ಷರಗಳು. ದಾರಿ ಬೇಕಾದರೆ ನಾವೇ ಗ್ರಾಫ್ ಹಾಳೆಯಲ್ಲಿ ನಕ್ಷೆ ಬರೆದುಕೊಳ್ಳಬೇಕಿತ್ತು. ಹೀಗೆ ಅರ್ಧ ಗಂಟೆ ಕೊರೆದ ಮೇಲೆ ಕೇಳುವವರು ಒಂದೇ ಪ್ರಶ್ನೆ ಹಾಕುತ್ತಾರೆ: "ಅದೆಲ್ಲಾ ಸರಿ ಗುರು, ಆ ಹಳೇ ಆಟ ಗೆದ್ಯಾ?" ಅಲ್ಲಿಗೆ ನನ್ನ ಬಾಯಿ ಮುಚ್ಚುತ್ತದೆ.

ಗೆಲ್ಲಲಿಲ್ಲ. ಆ ಕಥೆ ಹೀಗಿದೆ.

ಆಗ ನಾನು ದೊಡ್ಡಬಳ್ಳಾಪುರದಲ್ಲಿ ಸೈಕಲ್ ಅಂಗಡಿಯೊಂದರ ಮೇಲಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಮೇಷ್ಟ್ರು. ನಾಲ್ಕು ಕಂಪ್ಯೂಟರು, ಒಂದು ಕರಿಹಲಗೆ. ನಮ್ಮೂರು ತೂಬಗೆರೆಯಿಂದ ಬೆಳಗಿನ ಬಸ್ಸಿಗೆ ಬಂದು, ಅಕ್ಕಪಕ್ಕದ ಮನೆಗಳ ಮಗ್ಗದ ಸದ್ದಿನ ನಡುವೆ ಗಂಟಲು ಹರಿದುಕೊಂಡು ಪಾಠ ಹೇಳುತ್ತಿದ್ದೆ. ಪ್ರತಿ ಹೊಸ ಬ್ಯಾಚಿಗೂ ಮೊದಲ ದಿನ ಹಲಗೆಯ ಮೇಲೆ ಬರೆಯುತ್ತಿದ್ದದ್ದು ಇದನ್ನೇ: ಯಾವ ಫ್ಲಾಪಿಯನ್ನೇ ಆಗಲಿ ಎರಡು ಕಾಪಿ ಮಾಡಿಟ್ಟುಕೊಳ್ಳಿ. ನನ್ನ ಆಟ, ಅದರಲ್ಲಿ ನಾನು ಎಲ್ಲಿಯವರೆಗೆ ಬಂದಿದ್ದೇನೆಂಬ ಲೆಕ್ಕ ಎರಡೂ ಇದ್ದ ಫ್ಲಾಪಿ ಮಾತ್ರ ಒಂದೇ ಇತ್ತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಮಧ್ಯಾಹ್ನ ಮಕ್ಕಳು ಊಟಕ್ಕೆ ಹೋದಾಗ, ಕರೆಂಟು ಇದ್ದರೆ, ಒಂದು ಗಂಟೆ ಆಡುತ್ತಿದ್ದೆ. ಯುಗಾದಿ ಕಳೆದು ಶುರು ಮಾಡಿದವನು ದಸರಾ ಹೊತ್ತಿಗೆ ಕೊನೆಯ ನೆಲಮಾಳಿಗೆಯ ಬಾಗಿಲಿಗೆ ತಲುಪಿದ್ದೆ. ನನ್ನ ನಾಯಕನ ಚೀಲದಲ್ಲಿ ಎರಡು ಕತ್ತಿ, ಒಂದು ಗುರಾಣಿ, ತೊಂಬತ್ತು ಸೀಸೆ ಔಷಧಿ. ಒಂದು ಸೀಸೆ ಕುಡಿಸಿದರೆ ಎಂಥ ಗಾಯವೂ ಮಾಯ. ಆದರೆ ಆರು ತಿಂಗಳಲ್ಲಿ ಒಂದನ್ನೂ ನಾನು ಅವನಿಗೆ ಕೊಟ್ಟಿರಲಿಲ್ಲ. ಕೊನೆಗೆ ಬೇಕಾಗುತ್ತದೆ, ಇರಲಿ. ಪಾಪದವನು ಅರೆಜೀವದಲ್ಲಿ ತೆವಳಿಕೊಂಡೇ ಅಷ್ಟೂ ನೆಲಮಾಳಿಗೆ ಇಳಿದಿದ್ದ. ಈ ಗುಣ ನನಗೆ ಮನೆಯಿಂದ ಬಂದದ್ದು. ಅಮ್ಮನ ತವರಿನವರು ಕೊಟ್ಟ ನೇರಳೆ ರೇಷ್ಮೆ ಸೀರೆ ನನಗೆ ತಿಳಿವಳಿಕೆ ಬಂದಾಗಿನಿಂದ ಟ್ರಂಕಿನಲ್ಲೇ ಇತ್ತು. ಮದುವೆ, ಗೃಹಪ್ರವೇಶ ಯಾವುದು ಬಂದರೂ "ಇನ್ನೂ ಒಳ್ಳೇ ದಿನಕ್ಕಿರ್ಲಿ" ಎಂದು ಬೇರೆ ಸೀರೆ ಉಡುತ್ತಿದ್ದಳು.

ರಾಕ್ಷಸನನ್ನು ಅಂದೇ ಹೊಡೆಯಬಹುದಿತ್ತು. ನನಗೆ ಮುಹೂರ್ತದ ಚಟ. ನಾಡಿದ್ದು ವಿಜಯದಶಮಿ, ಅವತ್ತೇ ಹೊಡೆಯೋಣ ಎಂದುಕೊಂಡೆ.

ಮಾರನೆಯ ದಿನ ಆಯುಧಪೂಜೆ. ಸೆಂಟರಿನ ಯಜಮಾನರು ಕಂಪ್ಯೂಟರುಗಳಿಗೆ ಸೇವಂತಿಗೆ ಹಾರ ಹಾಕಿ, ಒಂದೊಂದರ ಮುಂದೆ ನಿಂಬೆಹಣ್ಣು ಇಟ್ಟರು. ನಾನು ನನ್ನ ಫ್ಲಾಪಿಯನ್ನೂ ತಂದು ತಟ್ಟೆಯಲ್ಲಿಟ್ಟೆ.

"ಏನಪ್ಪಾ ಮೇಷ್ಟ್ರೇ, ಅದಕ್ಕೂ ಪೂಜೆನಾ?" ಎಂದರು.

"ಆಯುಧ ಎಲ್ಲಾ ಇದ್ರೊಳಗೇ ಇದೆ ಸಾರ್."

ಅವರು ಏನು ತಿಳಿದುಕೊಂಡರೋ, ಭಕ್ತಿಯಿಂದ ತಲೆಯಾಡಿಸಿ ಅರಿಶಿನ ಕುಂಕುಮದ ಬಟ್ಟಲನ್ನು ನನ್ನ ಕಡೆಗೇ ತಳ್ಳಿದರು. ಆ ಕಾಲದ ದೊಡ್ಡ ಫ್ಲಾಪಿಯ ಕರಿ ಕವಚದಲ್ಲಿ ಒಂದು ಉದ್ದನೆಯ ಕಿಂಡಿ ಇರುತ್ತಿತ್ತು, ಅಲ್ಲಿ ಒಳಗಿನ ತಟ್ಟೆ ಹೊಳೆಯುತ್ತ ಕಾಣುತ್ತಿತ್ತು. ಅಲ್ಲಿಗೆ ಬೆರಳು ತಾಗಿಸಬಾರದೆಂದು ನೂರಾರು ಮಕ್ಕಳಿಗೆ ಬೈದು ಹೇಳಿದ್ದವನು ನಾನು. ಆದರೆ ಬೊಟ್ಟು ಇಡುವಾಗ ಕೈ ಹಣೆಯಂಥ ಜಾಗವನ್ನೇ ಹುಡುಕುತ್ತದಲ್ಲ. ನೀರಿನಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ, ಸರಿಯಾಗಿ ಆ ಕಿಂಡಿಯ ನಡುವೆ ಇಟ್ಟೆ. ಕಣ್ಣಿಗೂ ಒತ್ತಿಕೊಂಡೆ.

ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟುವಂತಿಲ್ಲ. ವಿಜಯದಶಮಿಯ ಬೆಳಿಗ್ಗೆ ಸ್ನಾನ ಮಾಡಿ ಮೊದಲ ಬಸ್ಸಿಗೇ ಹೋಗಿ, ಕರ್ಚೀಫಿನಿಂದ ಕುಂಕುಮ ಒರೆಸಿ ಫ್ಲಾಪಿ ಹಾಕಿದೆ. ಒಳಗೆ ಗರಗರ ಎಂದು ಶಬ್ದ ಬಂತು. ಓದಲಾಗುತ್ತಿಲ್ಲ ಎಂದು ಪರದೆಯ ಮೇಲೆ ಬಂತು. ಹತ್ತು ಸಲ ಹಾಕಿದೆ, ನಾಲ್ಕು ಕಂಪ್ಯೂಟರಿಗೂ ಹಾಕಿದೆ. ಯಜಮಾನರು ಕಡ್ಲೆಪುರಿ ಪೊಟ್ಟಣ ಕೈಗಿಟ್ಟು, "ಹಬ್ಬದ ದಿನ ಯಾಕಪ್ಪಾ ಮುಖ ಹಿಂಗೆ?" ಎಂದರು. ನನ್ನ ವಯಸ್ಸು ಇಪ್ಪತ್ತಾರು. ಅಳು ಬಂದಿತ್ತು.

ಮನೆಗೆ ಬಂದು ಹೋಳಿಗೆಯನ್ನೂ ಮುಟ್ಟದೆ ಗೋಡೆಗೆ ಒರಗಿ ಕುಳಿತೆ. ಅಮ್ಮ ಬಿಡಲಿಲ್ಲ. ನಾಯಕ, ರಾಕ್ಷಸ, ಔಷಧಿ, ಬೊಟ್ಟು ಎಲ್ಲವನ್ನೂ ಹೇಳಿಸಿಕೊಂಡಳು. ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

"ತೊಂಬತ್ತು ಸೀಸೆ ಔಷಧಿ ಮಡಿಕ್ಕೊಂಡು ಆ ಹುಡುಗನ್ನ ನರಳಿಸ್ದಾ?"

"ಕೊನೇಲಿ ಬೇಕಾಗುತ್ತೆ ಅಂತ ಇಟ್ಟಿದ್ದೆ ಕಣಮ್ಮ."

"ಕೊನೆ ಯಾವತ್ತು ಅಂತ ನಿಂಗೇನು ಗೊತ್ತಿತ್ತಾ? ಒಂದಾದ್ರೂ ಕುಡಿಸ್ಬಾರ್ದಿತ್ತಾ?"

ಇನ್ನೂ ಬೈಯುತ್ತಾಳೆ ಎಂದು ಕಾದೆ. ಅವಳು ಏನೋ ನೆನಪಾದವಳಂತೆ ಎದ್ದು ಮಂಚದ ಕೆಳಗಿನಿಂದ ಟ್ರಂಕು ಎಳೆದಳು. ನೇರಳೆ ಸೀರೆ ತೆಗೆದು ಬಿಡಿಸಿದಳು. ಅಷ್ಟು ವರ್ಷ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ, ಮಡಿಕೆಯ ಗೆರೆಯ ಉದ್ದಕ್ಕೂ ಸೀಳಿಕೊಂಡಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ನೋಡಿದಳು.

"ನೋಡೋ," ಎಂದಳು, "ನನ್ ಫ್ಲಾಪಿನೂ ಹೋಯ್ತು."

ಆರು ತಿಂಗಳ ಆಟಕ್ಕೆ ಅತ್ತಿದ್ದಕ್ಕೆ ನನಗೆ ನಾಚಿಕೆಯಾಯಿತು.

ಅವಳು ಒಳಗೆ ಹೋಗಿ, ಸೀಳು ನೆರಿಗೆಯೊಳಗೆ ಸೇರುವ ಹಾಗೆ ಅದೇ ಸೀರೆ ಉಟ್ಟು ಬಂದಳು. "ಹೋಳಿಗೆ ತಿನ್ನು, ಏಳು. ಬನ್ನಿ ಕೊಟ್ಬರೋಣ," ಎಂದಳು. ಬೀದಿಯ ಹೆಂಗಸರು ಸೆರಗು ಮುಟ್ಟಿ ನೋಡಿ, ಯಾವತ್ತು ತಗೊಂಡ್ರಿ ಎಂದು ಕೇಳಿದರು. "ಹಳೇದು ಕಣ್ರೀ, ಇವತ್ತು ಉಟ್ಕೊಂಡೆ," ಎನ್ನುತ್ತ ಅಮ್ಮ ಪ್ರತಿ ಮನೆಗೂ ಬನ್ನಿ ಎಲೆ ಕೊಟ್ಟಳು. ನಾನು ತಟ್ಟೆ ಹಿಡಿದುಕೊಂಡು ಅವಳ ಹಿಂದೆ ನಡೆದೆ.