ಬೂಟು ಆಮೇಲೆ, ಮೊದಲು ಕಾಲು

“ಬೂಟು ಆಮೇಲೆ ನೋಡೋಣ. ಮೊದ್ಲು ಕಾಲು ತೋರ್ಸಿ ಮೇಡಂ” ಎಂದರು, ಜಯನಗರದ ಫುಟ್‌ಪಾತಿನಲ್ಲಿ ಚಪ್ಪಲಿ ಹೊಲಿಯುವ ಹಿರಿಯರು. ಹೊಸ ಚರ್ಮದ ಬೂಟು ಕಚ್ಚಿ ನಾನು ಕುಂಟುತ್ತಿದ್ದೆ. ಕಚ್ಚುತ್ತಿದೆ ಎಂದು ಬರೆದು ಬೂಟಿನ ಫೋಟೊ ಆನ್‌ಲೈನಿನಲ್ಲಿ ಹಾಕಿದ್ದೇ ತಪ್ಪಾಗಿತ್ತು. ಕೇಳದಿದ್ದರೂ ಸಲಹೆಗಳು ಬಂದವು: ಕೊಬ್ಬರಿ ಎಣ್ಣೆ ಹಚ್ಚಿ, ಎರಡು ಸಾಕ್ಸ್ ಹಾಕಿ. ಎಲ್ಲ ಮಾಡಿದೆ. ಬೂಟು ಜಿಡ್ಡಾಯಿತು, ಹಿಮ್ಮಡಿಯ ಗುಳ್ಳೆ ಒಡೆಯಿತು.

ಹಿರಿಯರಿಗೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು ನಾನು, ಹಿಂಜರಿದೆ. ಅವರೇ ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, “ಎಲ್ಲಿ ನೋಯ್ತದೆ?” ಎಂದರು. ತೋರಿಸಿದ ಜಾಗಕ್ಕೆ ಸರಿಯಾಗಿ ಬೂಟನ್ನು ತಟ್ಟಿ ಮೆತ್ತಗೆ ಮಾಡಿದರು.

ನೋವು ಕಮ್ಮಿಯಾದರೂ ಚಡಪಡಿಕೆ ಹೋಗಲಿಲ್ಲ. ಮನೆಗೆ ಬಂದು ಸಲಹೆಗಳನ್ನೆಲ್ಲ ಮತ್ತೆ ಓದಿದೆ. ಎಲ್ಲಿ ನೋಯುತ್ತದೆ ಎಂದು ಒಬ್ಬರೂ ಕೇಳಿರಲಿಲ್ಲ. ಹೋದ ವಾರ ಗೆಳತಿಯ ಬೆನ್ನುನೋವಿಗೆ ಉದ್ದದ ಸಲಹೆ ಬರೆದಿದ್ದ ನಾನೂ ಕೇಳಿರಲಿಲ್ಲ.